ಹೆಂಡತಿಯ ತಾಮ್ರದ ಗೆರೆ

ನನ್ನ ಹೆಂಡತಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳು ಯಾರ ಕಡೆಗೋ ನೋಡಿದಳು, ತವರಿನವರನ್ನೇ ಹೆಚ್ಚು ಹಚ್ಚಿಕೊಂಡಳು ಎಂಬಂಥ ಸಂಸಾರದ ಕಿಚ್ಚಲ್ಲ ಅದು. ಒಂದು ಗೆರೆಗಾಗಿ ಹುಟ್ಟಿದ ಕಿಚ್ಚು. ಕಂಪ್ಯೂಟರಿನ ಪರದೆಯ ಮೇಲೆ ಮೇಲಕ್ಕೊಂದು ಗುಡ್ಡ, ಕೆಳಕ್ಕೊಂದು ತಗ್ಗು ಮಾಡಿ, ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳುವ ಒಂದು ಗೆರೆ. ಅದು ಅವಳ ಸಂಯುಕ್ತಕ್ಕೆ ಬಂತು, ನನ್ನದಕ್ಕೆ ಬರಲಿಲ್ಲ. ಅಷ್ಟಕ್ಕೇ ಹೆಚ್ಚುಕಡಿಮೆ ಒಂದು ವರ್ಷ ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ.

ನಾವಿಬ್ಬರೂ ರಸಾಯನಶಾಸ್ತ್ರ ಓದಿದವರು. ಪ್ರತ್ಯೇಕ ತೆಲಂಗಾಣದ ಹೋರಾಟ ಕಾವೇರಿದ್ದ ವರ್ಷಗಳಲ್ಲಿ ಇಬ್ಬರೂ ಒಬ್ಬರೇ ಗೈಡಿನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆವು. ಮನೆ ಕರ್ನಾಟಕದ ಗಡಿಗೆ ಹತ್ತಿದ ಮಕ್ತಲ್‌ನಲ್ಲಿ. ನಾನು ನಾರಾಯಣಪೇಟೆಯ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ವಾರಕ್ಕೆ ಮೂರು ದಿನ ಪಾಠ ಹೇಳುತ್ತಿದ್ದೆ, ಉಳಿದ ದಿನ ಗದ್ವಾಲ್‌ಗೆ ಹೋಗುತ್ತಿದ್ದೆ. ನಗರದ ವಿಶ್ವವಿದ್ಯಾಲಯ ಇವತ್ತು ತೆರೆದರೆ ನಾಳೆ ಬಂದ್. ಅದಕ್ಕೆ ಬೇಸತ್ತು ನಮ್ಮ ಗೈಡ್ ಅಲ್ಲಿ ಮೂಲೆಗೆ ಬಿದ್ದಿದ್ದ ಒಂದು ಹಳೆಯ ಯಂತ್ರವನ್ನು ಬರೆದುಕೊಟ್ಟು ತಂದು, ಗದ್ವಾಲ್‌ನಲ್ಲಿ ತಾವು ಕಲಿಸುತ್ತಿದ್ದ ಕಾಲೇಜಿನ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಅದೇ ನಮ್ಮ ಪ್ರಯೋಗಾಲಯ. ಕರೆಂಟು ಹೋದರೆ ಯಂತ್ರವೂ ನಾವೂ ಸುಮ್ಮನೆ ಕೂಡಬೇಕು.

ಅವಳು ನನ್ನ ಸೋದರಮಾವನ ಮಗಳು. ಗದ್ವಾಲ್ ಕಡೆಯ ಹಳ್ಳಿಯವಳು. ನಮ್ಮಂತೆಯೇ ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಅವಳು ಇಂಟರ್ ಓದುವಾಗ ರಜೆಯಲ್ಲಿ ಅವಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನೇ. ಎಲೆಕ್ಟ್ರಾನ್ ಎಂದರೇನು ಎಂದು ಹುಣಸೆಮರದ ಕೆಳಗೆ ಕಡ್ಡಿಯಿಂದ ನೆಲದ ಮೇಲೆ ಗೀಚಿ ತೋರಿಸಿದ್ದೆ. ಮದುವೆಯಾದ ಮೇಲೆ ಎಂಎಸ್ಸಿಗೆ ಹಚ್ಚಿದವನೂ ನಾನೇ, ಗೈಡ್ ಹತ್ತಿರ ಕರೆದುಕೊಂಡು ಹೋದವನೂ ನಾನೇ. ನಾನು ಸೇರಿ ಎರಡು ವರ್ಷದ ಮೇಲೆ ಅವಳು ಸೇರಿದಳು. ಆರು ತಿಂಗಳೊಳಗೆ ಗೈಡ್ ಅವಳಿಗೆ ಪ್ರಶ್ನೆ ಕೇಳತೊಡಗಿದರು, ನನಗೆ ಕೆಲಸ ಹೇಳತೊಡಗಿದರು. ರಾಯಚೂರಿಗೆ ಹೋಗಿ ನೈಟ್ರೋಜನ್ ಸಿಲಿಂಡರ್ ತುಂಬಿಸಿಕೊಂಡು ಬಾ, ಇನ್ವರ್ಟರಿನ ನೀರು ನೋಡು, ಅದು ನೋಡು, ಇದು ನೋಡು. ಗುರುವಿಗೇ ತಿರುಮಂತ್ರ ಎಂದು ಕೇಳಿದ್ದೆ. ಮನೆಯೊಳಗೇ ಅದನ್ನು ಕಂಡದ್ದು ಆಗ.

ನಾವು ಮಾಡುತ್ತಿದ್ದ ಕೆಲಸ ಇಷ್ಟು. ತಾಮ್ರದ ಒಂದು ಅಯಾನನ್ನು ಸಾವಯವ ಅಣುವೊಂದು ಇಕ್ಕಳದಂತೆ ಹಿಡಿದುಕೊಂಡಿರುತ್ತದೆ. ಅದಕ್ಕೆ ಲಿಗ್ಯಾಂಡ್ ಎನ್ನುತ್ತಾರೆ. ಹಾಗೆ ಹಿಡಿದುಕೊಂಡ ತಾಮ್ರವನ್ನು ದ್ರಾವಣ ಮಾಡಿ, ವಿದ್ಯುತ್ತಿನಿಂದ ಅದಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟು, ಮತ್ತೆ ಕಿತ್ತುಕೊಂಡು ನೋಡಬೇಕು. ಕೊಡುವಾಗ ಒಂದು ಗುಡ್ಡ, ಕಿತ್ತುಕೊಳ್ಳುವಾಗ ಒಂದು ತಗ್ಗು. ಎರಡೂ ಸಮನಾಗಿದ್ದು ಹತ್ತಿರ ಹತ್ತಿರ ಇದ್ದರೆ ತಾಮ್ರ ಹೋಗಿ ಬಂದಿದೆ, ಇಕ್ಕಳ ಬಿಟ್ಟಿಲ್ಲ ಎಂದರ್ಥ. ಹೀಗೆ ಸಲೀಸಾಗಿ ಹೋಗಿ ಬರುವ ತಾಮ್ರ ಬ್ಯಾಕ್ಟೀರಿಯಾದ ಒಳಹೊಕ್ಕರೆ ಅದಕ್ಕೆ ಗಂಡಾಂತರ. ಅದಕ್ಕೇ ಒಂದೇ ಸಂಯುಕ್ತವನ್ನು ಒಂದು ಕಡೆ ಯಂತ್ರದಲ್ಲಿ, ಇನ್ನೊಂದು ಕಡೆ ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯಲ್ಲಿ ಪರೀಕ್ಷೆ ಮಾಡುತ್ತಿದ್ದೆವು. ನನ್ನ ಸಂಯುಕ್ತಗಳಿಗೆ ಗುಡ್ಡ ಬರುತ್ತಿತ್ತು, ತಗ್ಗು ಬರುತ್ತಿರಲಿಲ್ಲ. ಎಲೆಕ್ಟ್ರಾನ್ ಸಿಕ್ಕಿದ್ದೇ ತಡ, ನನ್ನ ತಾಮ್ರ ಇಕ್ಕಳ ಬಿಟ್ಟು ಎಲೆಕ್ಟ್ರೋಡಿಗೆ ಕೆಂಪಗೆ ಮೆತ್ತಿಕೊಂಡುಬಿಡುತ್ತಿತ್ತು. ದಿನಾ ಅದನ್ನು ಬಟ್ಟೆಯ ಮೇಲೆ ಪುಡಿ ಹಾಕಿ ಉಜ್ಜಿ ಉಜ್ಜಿ ತೆಗೆಯುವುದೇ ನನ್ನ ಸಂಶೋಧನೆಯಾಗಿತ್ತು.

ಅವಳು ಗಂಧಕವಿದ್ದ ಲಿಗ್ಯಾಂಡ್ ಆರಿಸಿಕೊಂಡಿದ್ದಳು. ಅದಕ್ಕೆ ನನ್ನದಕ್ಕಿಂತ ಬೇರೆ ಕಡೆ, ಧನ ವೋಲ್ಟೇಜಿನ ದಿಕ್ಕಿನಲ್ಲಿ, ಹುಡುಕಬೇಕಿತ್ತು. ಒಂದು ಮಧ್ಯಾಹ್ನ ನಾನು ನಾರಾಯಣಪೇಟೆಯಲ್ಲಿ ಪಾಠ ಮಾಡುತ್ತಿದ್ದಾಗ ಫೋನ್ ಬಂತು. ಬಂದುಬಿಡು, ಏನೋ ತೋರಿಸುವುದಿದೆ ಎಂದಳು. ಅವತ್ತು ಜೂರಾಲ ಅಣೆಕಟ್ಟೆಯ ಈಚೆ ರಸ್ತೆಯ ಮೇಲೇ ಒಲೆ ಹೂಡಿ ಹೋರಾಟದವರು ಅಡುಗೆ ಮಾಡುತ್ತಿದ್ದರು. ಬಸ್ಸು ಅಲ್ಲೇ ನಿಂತಿತು. ಅವರ ಪಂಕ್ತಿಯಲ್ಲೇ ಕುಳಿತು ಅನ್ನ ಸಾರು ಉಂಡು, ಜಯಕಾರ ಹಾಕಿ, ಕಟ್ಟೆ ದಾಟಿ ಆಟೋ ಹಿಡಿದು ಗದ್ವಾಲ್ ಮುಟ್ಟಿದಾಗ ನಾಲ್ಕು ಗಂಟೆ. ಗೈಡಿಗೂ ತೋರಿಸದೆ ಅವಳು ನನಗಾಗಿ ಕಾಯುತ್ತಿದ್ದಳು.

ಪರದೆಯ ಮೇಲೆ ಆ ಗೆರೆ. ಪುಸ್ತಕದಲ್ಲಿ ಇರುತ್ತದಲ್ಲ, ಹಾಗೆ. ಗುಡ್ಡ ಎಷ್ಟೋ ತಗ್ಗು ಅಷ್ಟೇ. ಚಿಕ್ಕದಿತ್ತು, ಆದರೆ ಚೊಕ್ಕವಾಗಿತ್ತು.

ಚೆನ್ನಾಗಿದೆ ಎನ್ನಬೇಕಿತ್ತು, ಎನ್ನಲಿಲ್ಲ. ಮೊದಲು ಬಾಯಿಗೆ ಬಂದದ್ದು, ಸೆಲ್ ಸರಿಯಾಗಿ ತೊಳೆದಿದ್ದೀಯಾ ಎಂಬ ಮಾತು. ಸೆಲ್ ಎಂದರೆ ದ್ರಾವಣ ಹಾಕುವ ಸಣ್ಣ ಗಾಜಿನ ಪಾತ್ರೆ. ನನ್ನ ಅನುಮಾನಕ್ಕೆ ಕಾರಣವೂ ಇತ್ತು. ಯಂತ್ರದ ಅಳತೆ ದಿನದಿಂದ ದಿನಕ್ಕೆ ತುಸು ಸರಿಯುತ್ತದೆ. ಅದನ್ನು ಹಿಡಿಯಲು ಫೆರೊಸೀನ್ ಎಂಬ ಕಿತ್ತಳೆ ಬಣ್ಣದ, ಕರ್ಪೂರದಂತೆ ನಾರುವ ಪುಡಿಯನ್ನು ಒಂದು ಚಿಟಿಕೆ ಹಾಕಿ ನೋಡುತ್ತೇವೆ. ಅದರ ಗೆರೆ ಬಲು ಚಂದ, ಅದರ ಜಾಗವೂ ಖಾಯಂ, ರಸ್ತೆಯ ಮೈಲಿಗಲ್ಲಿದ್ದಂತೆ. ಅವಳ ಗೆರೆ ಬಂದದ್ದು ಆ ಮೈಲಿಗಲ್ಲಿನ ಪಕ್ಕದಲ್ಲೇ. ಫೆರೊಸೀನ್ ಹತ್ತಿಕೊಂಡ ಸೆಲ್ ಇರಬೇಕು ಎಂದೆ. ಅವಳು ಸಿಟ್ಟು ಮಾಡಲಿಲ್ಲ. ನನ್ನ ಮುಂದೆಯೇ ಸೆಲ್ಲನ್ನು ಮೂರು ಸಲ ತೊಳೆದಳು, ಎಲೆಕ್ಟ್ರೋಡ್ ಉಜ್ಜಿದಳು, ಹೊಸದಾಗಿ ದ್ರಾವಣ ಹಾಕಿ ಮತ್ತೆ ಓಡಿಸಿದಳು. ಮತ್ತೆ ಅದೇ ಗೆರೆ. ಇನ್ನೊಂದು ಸಲ ತೊಳೆ ಎಂದೆ. ತೊಳೆದಳು. ಮತ್ತೆ ಅದೇ. ಸಂಜೆ ಗೈಡ್ ಬಂದು ನೋಡಿ, ಗಂಧಕದ ದೆಸೆಯಿಂದ ಅಲ್ಲಿ ಬರುವುದು ಸಾಧ್ಯವಿದೆ ಎಂದರು. ನಿನ್ನ ತಾಮ್ರ ಹೋಗಿ ಹೋಗಿ ಮೈಲಿಗಲ್ಲಿನ ಪಕ್ಕದಲ್ಲೇ ಮನೆ ಕಟ್ಟಿದೆಯಲ್ಲಮ್ಮಾ ಎಂದು ತೆಲುಗಿನಲ್ಲಿ ನಗೆಯಾಡಿದರು. ನಾನೂ ನಕ್ಕೆ.

ಅಲ್ಲಿಂದ ನಾನು ಸಣ್ಣವನಾಗುತ್ತ ಹೋದ ಕಥೆ ಹೇಳಿದರೆ ಮುಗಿಯುವುದಿಲ್ಲ. ಒಂದೆರಡು ಹೇಳುತ್ತೇನೆ. ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಕುಳಿ ಮಾಡಿ ಸಂಯುಕ್ತ ಹಾಕಿದರೆ, ಮರುದಿನ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಒಂದು ಬಯಲು ವೃತ್ತ ಕಾಣುತ್ತದೆ. ವೃತ್ತ ದೊಡ್ಡದಿದ್ದಷ್ಟೂ ಔಷಧ ಬಲವಾದದ್ದು. ನಾನು ಸ್ಕೇಲ್ ಇಟ್ಟು ಅಳತೆ ಹೇಳುವುದು, ಅವಳು ಬರೆದುಕೊಳ್ಳುವುದು. ಹತ್ತೊಂಬತ್ತು ಮಿಲಿಮೀಟರ್ ಇದ್ದದ್ದನ್ನು ನಾನು ಹದಿನೇಳು ಎಂದೆ. ಇಪ್ಪತ್ತೊಂದನ್ನು ಹತ್ತೊಂಬತ್ತು ಎಂದೆ. ನನ್ನದರ ಸರದಿ ಬಂದಾಗ ಸ್ಕೇಲು ಧಾರಾಳವಾಯಿತು. ಅವಳು ಬರೆದುಕೊಂಡು, ಆಮೇಲೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಒಯ್ದು ತಾನೇ ಅಳೆದು, ಪೆನ್ಸಿಲಿನಿಂದ ತಿದ್ದಿದಳು. ನನ್ನ ಅಂಕಿಗಳನ್ನು ಹಾಗೇ ಬಿಟ್ಟಳು.

ಇನ್ನೊಂದು ನಮ್ಮಪ್ಪನದು. ಮಳೆಗಾಲದಲ್ಲಿ ಕುರಿಗಳ ಗೊರಸು ಕೊಳೆತಾಗ ನಮ್ಮಪ್ಪ ಮೈಲುತುತ್ತ ಕದಡಿದ ನೀಲಿ ನೀರಿನಲ್ಲಿ ಅವುಗಳ ಕಾಲು ನಿಲ್ಲಿಸುತ್ತಿದ್ದ. ಮೈಲುತುತ್ತವೆಂದರೆ ತಾಮ್ರದ ಉಪ್ಪೇ. ಒಂದು ಭಾನುವಾರ ಅವಳು ಅಂಗಳದಲ್ಲಿ ಅವನ ಪಕ್ಕ ಕುಳಿತು, ನಾವು ಮಾಡುವುದೂ ಇದನ್ನೇ ಎಂದು ವಿವರಿಸಿದಳು. ಅಪ್ಪ ಕುರಿಯ ಬಾಯಿ ಆ ನೀರಿಗೆ ತಾಗದಂತೆ ಹಿಡಿದುಕೊಂಡೇ ಹೇಳಿದ:

"ಹೊರಗ ಹಚ್ಚಿದ್ರ ಮದ್ದವ್ವ, ಹೊಟ್ಟಿಗಿ ಹೋದ್ರ ವಿಷ. ಕುರಿಗಂತೂ ಒಂದು ಗುಟುಕು ಸಾಕು."

ಮುಂದಿನ ವಾರ ಅವಳು ತನ್ನ ಅಧ್ಯಾಯದ ಮೊದಲ ಸಾಲಿಗೇ ಅಪ್ಪನ ಮಾತನ್ನು ಬರೆದುಕೊಂಡಿದ್ದಳು. ಗೈಡ್ ಅದನ್ನು ಎರಡು ಸಲ ಓದಿಸಿದರು. ನನ್ನ ಅಪ್ಪ, ನನ್ನ ಮನೆಯ ಕುರಿ, ಹುಟ್ಟಿದಾಗಿನಿಂದ ನಾನು ಕೇಳುತ್ತ ಬಂದ ಮಾತು. ಹೆಸರು ಬಂದದ್ದು ಅವಳಿಗೆ. ಮೂವತ್ತು ವರ್ಷ ಕಿವಿಗೆ ಬಿದ್ದರೂ ನನಗೆ ಅದು ಬರೆಯುವ ಮಾತೆಂದು ಹೊಳೆದಿರಲಿಲ್ಲ ಎಂಬುದೇ ಹೆಚ್ಚು ಉರಿಯಿತು. ಅಪ್ಪನ ಮೇಲೂ ಎರಡು ದಿನ ಮುನಿಸಿಕೊಂಡಿದ್ದೆ. ಅವನಿಗೆ ಅದು ಗೊತ್ತೇ ಆಗಲಿಲ್ಲ.

ಈ ನಡುವೆ ಅವಳ ಗೆರೆ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿತ್ತು. ಗುಡ್ಡ ಎತ್ತರವಾಯಿತು, ತಗ್ಗು ಆಳವಾಯಿತು. ತನ್ನ ಕೈ ಪಳಗುತ್ತಿದೆ, ಸಂಯುಕ್ತ ಹೆಚ್ಚು ಶುದ್ಧವಾಗುತ್ತಿದೆ ಎಂದು ಅವಳು ತಿಳಿದಳು. ಗೈಡ್ ಅದರ ಮೇಲೆಯೇ ಅವಳ ಇಡೀ ಪ್ರಬಂಧವನ್ನು ನಿಲ್ಲಿಸಿದರು: ಈ ತಾಮ್ರ ಹೀಗೆ ಸಲೀಸಾಗಿ ಹೋಗಿ ಬರುವುದರಿಂದಲೇ ಅದರ ಬಯಲು ವೃತ್ತ ಅಷ್ಟು ದೊಡ್ಡದು ಎಂದು. ರಾಜ್ಯ ಬಂದರೆ ಕೆಲಸಗಳು ಬರುತ್ತವೆ ಎಂದು ಊರೆಲ್ಲ ಅನ್ನುತ್ತಿದ್ದ ಕಾಲ. ಪ್ರಬಂಧ ಒಪ್ಪಿಸಿದ ಕೂಡಲೇ ತಮ್ಮ ಕಾಲೇಜಿನಲ್ಲಿ ಖಾಲಿಯಾಗಲಿರುವ ಲೆಕ್ಚರರ್ ಜಾಗಕ್ಕೆ ಅವಳನ್ನೇ ತೆಗೆದುಕೊಳ್ಳುವಂತೆ ಮಾಡುತ್ತೇನೆಂದು ಗೈಡ್ ಮಾತು ಕೊಟ್ಟರು. ನಾನು ಅಲ್ಲೇ ನಿಂತಿದ್ದೆ. ನಿನ್ನ ಪ್ರಬಂಧ ಎಲ್ಲಿಗೆ ಬಂತು ಎಂದು ಅವರು ನನ್ನನ್ನು ಕೇಳಲಿಲ್ಲ.

ಆಗ ನಾನು ಒಂದು ಕಳ್ಳ ಕೆಲಸಕ್ಕೆ ಇಳಿದೆ. ಅವಳು ತವರಿಗೆ ಹೋಗಿದ್ದ ವಾರ ಅವಳ ಪುಸ್ತಕ ನೋಡಿ, ಅವಳ ಲಿಗ್ಯಾಂಡಿಗೆ ಅಣ್ಣನೋ ತಮ್ಮನೋ ಎನ್ನುವಂಥ, ಗಂಧಕವಿದ್ದ ಒಂದು ಲಿಗ್ಯಾಂಡ್ ಮಾಡಿ, ಅದಕ್ಕೆ ತಾಮ್ರ ಕೂಡಿಸಿದೆ. ಮೊದಲ ಸಲ ಯಂತ್ರವನ್ನು ಅವಳು ಹುಡುಕುತ್ತಿದ್ದ ದಿಕ್ಕಿಗೆ ತಿರುಗಿಸಿದೆ. ಬಂತು ಗೆರೆ! ಗುಡ್ಡ, ತಗ್ಗು, ಎಲ್ಲಾ ಸಮ. ಒಬ್ಬನೇ ಕೋಣೆಯಲ್ಲಿ ಎದ್ದು ನಿಂತುಬಿಟ್ಟೆ. ಕುಳಿತ ಮೇಲೆ ನೋಡಿದರೆ ಅವಳ ಗೆರೆ ಎಲ್ಲಿತ್ತೋ ಇದೂ ಅಲ್ಲೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಹಾಗಾಗಬಾರದಲ್ಲ ಎನ್ನಿಸಿತು. ಗಂಧಕವೇ ಇಲ್ಲದ ನನ್ನ ಹಳೆಯ ಸಂಯುಕ್ತವೊಂದನ್ನು ಹಾಕಿದೆ. ಅದೂ ಅಲ್ಲೇ. ಮೂರು ಮನೆಯ ಮೊಸರಿಗೂ ಒಂದೇ ಹುಳಿ ಎಂದರೆ ಹೆಪ್ಪು ಒಂದೇ ಮನೆಯದು. ಕೊನೆಗೆ ಏನೂ ಹಾಕದೆ, ಕಂದು ಬಾಟಲಿಯಿಂದ ಬರೀ ದ್ರಾವಕ ಸುರಿದು ಓಡಿಸಿದೆ. ತಾಮ್ರದ ಸುಳಿವೇ ಇಲ್ಲ, ಗೆರೆ ಮಾತ್ರ ಠೀವಿಯಿಂದ ಬಂತು.

ಅದು ಫೆರೊಸೀನಿನ ಗೆರೆ. ಅಲ್ಲಿಗೆ ಅದು ಹೇಗೆ ಬಂತೆಂಬುದು ನನಗಲ್ಲದೆ ಇನ್ನಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಮುಂಜಾನೆ ಅಳತೆ ನೋಡುವ ಕೆಲಸ ಇಬ್ಬರ ಪರವಾಗಿಯೂ ನನ್ನದೇ. ನಾನು ನಾರಾಯಣಪೇಟೆಗೆ ಹೋಗುವ ದಿನ ಹಿಂದಿನ ದಿನದ ಅಳತೆಯನ್ನೇ ಅವಳು ಇಟ್ಟುಕೊಳ್ಳುತ್ತಿದ್ದಳು. ಕಂದು ಬಾಟಲಿಯಿಂದ ಸೆಲ್ಲಿಗೆ ದ್ರಾವಕ ಹಾಕಿ, ಫೆರೊಸೀನ್ ಚಿಟಿಕೆ ಬಿಟ್ಟು, ಗೆರೆ ನೋಡಿ, ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಆಮೇಲೆ ಆ ದ್ರಾವಕವನ್ನು ಚೆಲ್ಲಬೇಕು. ನಾನು ಚೆಲ್ಲುತ್ತಿರಲಿಲ್ಲ. ದ್ರಾವಕ ದುಬಾರಿ, ಬಂದ್‌ಗಳ ದೆಸೆಯಿಂದ ನಗರದಿಂದ ತಿಂಗಳಾದರೂ ಬರುತ್ತಿರಲಿಲ್ಲ. ತುಸು ಹಳದಿ ಬಿಟ್ಟರೆ ನೀರಿನಷ್ಟು ತಿಳಿಯಾಗಿ ಕಾಣುತ್ತಿದ್ದ ಅದನ್ನು ಮತ್ತೆ ಬಾಟಲಿಗೇ ಸುರಿದುಬಿಡುತ್ತಿದ್ದೆ. ಹೊಸ ದ್ರಾವಕ ಬಂದಾಗ ಬಾಟಲಿ ಬರಿದು ಮಾಡದೆ ಅದರ ಮೇಲೆಯೇ ತುಂಬುತ್ತಿದ್ದೆ. ಉಳಿದ ಮಜ್ಜಿಗೆ ಚೆಲ್ಲಿದರೆ ಅವ್ವ ಬೈಯುವ ಮನೆಯಲ್ಲಿ ಬೆಳೆದವನ ಕೈ ಅದು. ಬಾಟಲಿಯಲ್ಲಿ ತಿಂಗಳುಗಟ್ಟಲೆ ಫೆರೊಸೀನ್ ಸೇರುತ್ತ ಹೋಗಿತ್ತು, ಅದರ ಜೊತೆಗೇ ಅವಳ ಗೆರೆ ಬೆಳೆದಿತ್ತು. ಬರೀ ದ್ರಾವಕವನ್ನು ಅವಳು ಪರೀಕ್ಷಿಸಿದ್ದಳು, ಆದರೆ ಅದು ಮೊಟ್ಟಮೊದಲ ವಾರ, ಬಾಟಲಿ ಚೊಕ್ಕಟವಾಗಿದ್ದಾಗ. ನಾನಂತೂ ಚಿಟಿಕೆ ಹಾಕದೆ ಒಂದು ದಿನವೂ ನೋಡಿರಲಿಲ್ಲ. ಸೆಲ್ಲನ್ನು ಅನುಮಾನಿಸಿದವನು ಬಾಟಲಿಯನ್ನು ಅನುಮಾನಿಸಲಿಲ್ಲ, ಏಕೆಂದರೆ ಸೆಲ್ ತೊಳೆಯುವ ಕೈ ಅವಳದು, ಬಾಟಲಿಗೆ ಸುರಿಯುವ ಕೈ ನನ್ನದು. ಇಡೀ ವರ್ಷ ನಾನು ಕುದ್ದು ಸತ್ತದ್ದು ನನ್ನದೇ ಎಂಜಲು ನೋಡಿ.

ಸತ್ಯ ಹೇಳುತ್ತೇನೆ: ಮೊದಲು ನನಗಾದದ್ದು ನಾಚಿಕೆಯಲ್ಲ, ಹಾಲು ಕುಡಿದಷ್ಟು ಸಂತೋಷ. ಅವಳಿಗೂ ಗೆರೆ ಇಲ್ಲ! ಗದ್ವಾಲ್‌ನಿಂದ ಮಕ್ತಲ್‌ವರೆಗೆ ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತ ಬಂದೆ. ಆಮೇಲೆ ಲೆಕ್ಕಾಚಾರ ಶುರುವಾಯಿತು. ಹೇಳಿದರೆ ನನ್ನ ಸುರಿಯುವ ಚಾಳಿ ಹೊರಬೀಳುತ್ತದೆ. ಗೈಡ್ ನನ್ನನ್ನು ಬಾಗಿಲಿನಿಂದಲೇ ಕಳಿಸುತ್ತಾರೆ. ಹೇಳದಿದ್ದರೆ ಯಾರಾದರೂ ಬಲ್ಲವರು ಅವಳನ್ನೇ ಹಿಡಿಯುತ್ತಾರೆ. ಹಿಡಿಯಲಿ ಎಂದು ನನಗೆ ಅನ್ನಿಸಿತು. ಹತ್ತು ದಿನಕ್ಕೆ ಅವಳು ನಾರಾಯಣಪೇಟೆಯಲ್ಲಿ ಒಂದು ವಿಚಾರಗೋಷ್ಠಿಯಲ್ಲಿ ಇದನ್ನೇ ಹೇಳುವುದಿತ್ತು. ಊರೂರಿನ ಪ್ರೊಫೆಸರುಗಳು ಬರುವವರಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬಾಟಲಿಗೆ ಸುರಿಯುವುದನ್ನು ಮಾತ್ರ ನಿಲ್ಲಿಸಿದೆ.

ಗೋಷ್ಠಿಯ ದಿನ ಮುಂಜಾನೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನಾರಾಯಣಪೇಟೆ ಬಸ್ಸಿಗೆ ನಿಂತಿದ್ದೆವು. ಹಾಳೆಗಳನ್ನು ನನ್ನ ಕೈಗೆ ಕೊಟ್ಟಳು. ನನ್ನ ಮುಖ ನೋಡುತ್ತ ಕೇಳಿದಳು:

"ಮಾಮ, ಎಲ್ಲ್ಯಾರ ತಪ್ಪೈತೇನು? ಇದ್ರ ಈಗ ಹೇಳಿಬಿಡು."

ಗೆರೆ ಇದ್ದ ಹಾಳೆ ಎಲ್ಲಕ್ಕಿಂತ ಮೇಲಿತ್ತು. ನಾನು ಒಂದೊಂದೇ ಹಾಳೆ ತಿರುವಿ, ಎಲ್ಲವನ್ನೂ ಓದಿದವನಂತೆ ಮಾಡಿ ಹಿಂದಕ್ಕೆ ಕೊಟ್ಟೆ.

"ಏನೂ ಇಲ್ಲ. ಧೈರ್ಯದಿಂದ ಹೇಳು."

ಅವಳು ಚೆನ್ನಾಗಿಯೇ ಹೇಳಿದಳು. ಅಪ್ಪನ ಮೈಲುತುತ್ತದ ಮಾತಿಗೆ ಚಪ್ಪಾಳೆ ಬಿತ್ತು. ಕೊನೆಗೆ ರಾಯಚೂರು ಕಡೆಯಿಂದ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಹಿಂದಿನ ಸಾಲಿನಿಂದ ಎದ್ದು, ಬರೀ ದ್ರಾವಕವನ್ನು ಇತ್ತೀಚೆಗೆ ಓಡಿಸಿ ನೋಡಿದ್ದೀಯೇನಮ್ಮಾ ಎಂದು ಕೇಳಿದರು. ನಾನು ಕಾಯುತ್ತಿದ್ದ ಕ್ಷಣ ಅದೇ. ಅವಳು ತಡವರಿಸಲಿಲ್ಲ. ದಿನಾ ಮುಂಜಾನೆ ನಮ್ಮ ಮನೆಯವರು ಅಳತೆ ನೋಡುತ್ತಾರೆ, ದ್ರಾವಕದಲ್ಲಿ ಬೇರೇನಾದರೂ ಇದ್ದರೆ ಅವರ ಕಣ್ಣಿಗೆ ಬೀಳುತ್ತಿತ್ತು ಎಂದು ನನ್ನತ್ತ ತಿರುಗಿದಳು. ಸಭೆಯೂ ತಿರುಗಿತು. ಮೇಷ್ಟ್ರು, ಹೌದೇನಪ್ಪಾ, ಎಂದರು. ಅವಳು ಬೀಳುವುದನ್ನು ನೋಡಲೆಂದು ಕುಳಿತಿದ್ದವನು ನಾನು. ಈಗ ಬೀಳುವ ಸರದಿ ನನ್ನದಾಗಿತ್ತು. ಹೌದು ಸಾರ್, ನೋಡುತ್ತೇನೆ, ಏನೂ ಇಲ್ಲ ಎಂದುಬಿಟ್ಟೆ. ಮೇಷ್ಟ್ರು ಕುಳಿತರು. ಅವಳಿಗೆ ಗೋಷ್ಠಿಯ ಉತ್ತಮ ಪ್ರಬಂಧವೆಂದು ಒಂದು ಫಲಕ ಕೊಟ್ಟರು. ಅದನ್ನು ಮನೆಯವರೆಗೆ ನಾನೇ ಹೊತ್ತುಕೊಂಡು ಬಂದೆ.

ಆಮೇಲೆ ರಾಜ್ಯ ಬಂತು. ಮಕ್ತಲ್‌ನಲ್ಲಿ ಪಟಾಕಿ ಹೊಡೆದರು, ಗುಲಾಲು ಎರಚಿದರು. ನಾವು ಕನ್ನಡದವರು ಈಗ ಯಾವ ಕಡೆ ಎಂದು ಅವ್ವ ಕೇಳಿದಳು; ಇದ್ದ ಕಡೆಯೇ ಎಂದು ಅಪ್ಪ ಹೇಳಿದ. ವಿಶ್ವವಿದ್ಯಾಲಯ ಸರಿಯಾಗಿ ತೆರೆಯಿತು. ಪ್ರಬಂಧ ಒಪ್ಪಿಸುವ ಮೊದಲು ಅಲ್ಲಿನ ಹೊಸ ಯಂತ್ರದಲ್ಲಿ ಒಂದು ಸಲ ಓಡಿಸಿ ಇನ್ನೂ ಚಂದದ ಚಿತ್ರ ತೆಗೆಸಿಕೊಂಡು ಬರುತ್ತೇನೆಂದು ಅವಳು ನಗರಕ್ಕೆ ಹೋದಳು. ಅಲ್ಲಿಯ ಬಾಟಲಿ ಹೊಸದು. ಗೆರೆ ಬರಲಿಲ್ಲ. ಮೂರು ದಿನ ಅಲ್ಲೇ ಉಳಿದು, ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿದಳಂತೆ. ಬಂದದ್ದು ವಕ್ರವಾದ, ಅರ್ಧಕ್ಕೇ ಸೊರಗಿದ ಒಂದು ಗುಡ್ಡ, ಹೆಚ್ಚುಕಡಿಮೆ ನನ್ನದರಂಥದೇ.

ಹಿಂತಿರುಗಿ ಬಂದವಳು ಮನೆಗೆ ಬರದೆ ನೇರ ಗದ್ವಾಲ್‌ಗೆ ಬಂದಳು. ನಾನು ಅಲ್ಲಿದ್ದೆ. ಚೀಲ ಕೆಳಗಿಟ್ಟು, ಕಂದು ಬಾಟಲಿಯಿಂದ ಬರೀ ದ್ರಾವಕ ತೆಗೆದು ಓಡಿಸಿದಳು. ಗೆರೆ ಮೂಡಿತು. ಅದನ್ನು ಬಹಳ ಹೊತ್ತು ನೋಡಿದಳು. ನಾನೇ ಬಾಯಿ ಬಿಟ್ಟೆ: ಮುಂಜಾನೆಯದು ಉಳಿದದ್ದನ್ನು ನಾನು ಬಾಟಲಿಗೇ ಸುರಿಯುತ್ತಿದ್ದೆ ಎಂದೆ. ಅಷ್ಟನ್ನು ಮಾತ್ರ. ಅವಳು ಅಳಲಿಲ್ಲ, ಬೈಯಲಿಲ್ಲ. ಉಳಿಸಾಕ ಹೋಗಿ ಮಾಡಿದಿ, ನಿನಗೇನು ಗೊತ್ತಿತ್ತು ಎಂದಳು. ಬಾಟಲಿಯನ್ನು ಬರಿದು ಮಾಡಿದಳು.

ಗೈಡಿನ ಮುಂದೆ ಅವಳೇ ಹೋಗಿ ನಿಂತಳು. ಆ ಅಧ್ಯಾಯ ಕಿತ್ತುಹಾಕುತ್ತೇನೆ, ಗೋಷ್ಠಿಯವರಿಗೂ ಬರೆದು ತಿಳಿಸುತ್ತೇನೆ ಎಂದಳು. ಹೇಗಾಯಿತಿದು ಎಂದು ಅವರು ಕೆಂಡವಾಗಿ ಕೇಳಿದಾಗ, ಬರೀ ದ್ರಾವಕವನ್ನು ಮತ್ತೆ ಮತ್ತೆ ನೋಡಬೇಕಿತ್ತು, ನೋಡದಿದ್ದದ್ದು ತನ್ನ ತಪ್ಪು ಎಂದಳು. ನನ್ನ ಹೆಸರು ಎತ್ತಲಿಲ್ಲ. ಅವಳ ವೃತ್ತಗಳು ನಿಜವಾಗಿದ್ದವು, ಬ್ಯಾಕ್ಟೀರಿಯಾ ನಿಜವಾಗಿಯೇ ಸಾಯುತ್ತಿದ್ದವು; ಏಕೆ ಸಾಯುತ್ತವೆ ಎಂಬ ವಿವರಣೆ ಮಾತ್ರ ಬಿದ್ದುಹೋಗಿತ್ತು. ಅದನ್ನು ಹೊಸದಾಗಿ ಹುಡುಕಲು ಇನ್ನೊಂದು ವರ್ಷ ಬೇಕಾಯಿತು. ಆ ವರ್ಷದೊಳಗೆ ಕಾಲೇಜಿನ ಆ ಜಾಗಕ್ಕೆ ಬೇರೊಬ್ಬರು ಬಂದು ಕುಳಿತರು. ಡಾಕ್ಟರೇಟು ಅವಳಿಗೆ ಕೊನೆಗೂ ಸಿಕ್ಕಿತು, ಆದರೆ ಆ ಕೆಲಸ ಮತ್ತೆ ಸಿಗಲಿಲ್ಲ. ನನ್ನ ಪ್ರಬಂಧ ಇವತ್ತಿಗೂ ಅಟ್ಟದ ಮೇಲಿದೆ.

ಗೈಡಿಗೆ ಹೇಳಿ ಬಂದ ಆ ದಿನ ಸಂಜೆ ಐದರ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತಿದ್ದೆವು. ಜೂರಾಲ ಕಟ್ಟೆಯ ಮೇಲೆ ಬಸ್ಸು ನಿಧಾನವಾಗಿ ಹೋಗುತ್ತಿತ್ತು. ಅವಳು ನನಗೆ ಶೇಂಗಾ ಸುಲಿದು ಕೊಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪ ಎಂದು ಹೇಳಿಕೊಂಡರೆ ಸುಳ್ಳಾದೀತು. ದೊಡ್ಡತನದಲ್ಲೂ ಇವಳೇ ಗೆದ್ದಳಲ್ಲ, ನನ್ನನ್ನು ಪಾಪ ಎಂದು ಕ್ಷಮಿಸಿಯೂಬಿಟ್ಟಳಲ್ಲ ಎಂಬ ಅದೇ ಹಳೆಯ ಕಿಚ್ಚಿಗೆ ಬಾಯಿ ತೆರೆಯಿತು. ಗೋಷ್ಠಿಗೆ ಹತ್ತು ದಿನ ಮೊದಲೇ ನನಗೆ ಗೊತ್ತಿತ್ತು ಎಂದೆ. ನಿನ್ನ ಲಿಗ್ಯಾಂಡ್ ಕದ್ದು ಮಾಡಿ ನೋಡಿದ್ದೆ, ಬರೀ ದ್ರಾವಕ ಓಡಿಸಿ ನೋಡಿದ್ದೆ, ಬಸ್‌ಸ್ಟ್ಯಾಂಡಿನಲ್ಲಿ ನೀನು ಕೇಳಿದಾಗ ಬೇಕಂತಲೇ ಹೇಳಲಿಲ್ಲ ಎಂದೆ. ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು ಎಂದೂ ಹೇಳಿದೆ.

ಅವಳ ಕೈ ಸುಲಿಯುವುದನ್ನು ನಿಲ್ಲಿಸಿತು.

"ಹೊಟ್ಟಿಕಿಚ್ಚ ನನಗೇನು ಹೊಸಾದಲ್ಲ. ಸಾರ್ ನಿನ್ನ ಸಿಲಿಂಡರ್ ತರಾಕ ಕಳಸಾಕ ಹತ್ತಿದಾಗ್ಲೆ ಗೊತ್ತಾಗಿತ್ತು," ಎಂದಳು. "ಅದಕ್ಕs ಆ ಗೆರಿ ಬಂದ ದಿನ ಸಾರ್‌ಗೂ ತೋರ್ಸದ ನಿನ್ನ ಕರಸಿದ್ದೆ. ಸಾರ್ ಖುಷಿ ಪಡ್ತಾರ, ತಪ್ಪು ನೋಡಂಗಿಲ್ಲ. ನಿನಗ ನನ್ನ ಗೆರಿ ಸಹಿಸಾಂಗಿಲ್ಲ, ಒಂದು ಕೂದಲಷ್ಟು ತಪ್ಪಿದ್ರೂ ನೀ ಬಿಡೂದಿಲ್ಲ ಅಂತ ಗೊತ್ತಿತ್ತು. ಎರಡು ಸಲ ತೊಳಸಿದಿ. ಬಸ್‌ಸ್ಟ್ಯಾಂಡಿನ್ಯಾಗ ಮತ್ತ ಕೇಳಿದೆ, ಏನೂ ಇಲ್ಲ ಅಂದಿ. ನಿನ್ನ ಹೊಟ್ಟಿಕಿಚ್ಚಿಗೇ ತಪ್ಪು ಸಿಗಲಿಲ್ಲ ಅಂದ್ರ ಅದು ಖರೇನs ಇರಬೇಕು ಅಂತ ನಂಬಿದೆ, ಮಾಮ."

ಸುಲಿದಿಟ್ಟಿದ್ದ ಶೇಂಗಾವನ್ನು ನನ್ನ ಕೈಯಲ್ಲಿ ಹಾಕಿ, ಎದ್ದು ಮುಂದಿನ ಹೆಂಗಸರ ಸೀಟಿಗೆ ಹೋಗಿ ಕುಳಿತಳು. ನನ್ನ ಒಳ್ಳೆಯತನವನ್ನು ಅವಳು ಎಂದೂ ನಂಬಿಕೊಂಡಿರಲಿಲ್ಲ. ನಂಬಿದ್ದು ನನ್ನ ಹೊಟ್ಟೆಕಿಚ್ಚನ್ನು. ಅದರಲ್ಲೂ ನಾನು ಅವಳಿಗೆ ಕೈಕೊಟ್ಟಿದ್ದೆ.